ಯಾವ ಉತ್ಪನ್ನಕ್ಕೆ ಮೊದಲ ಸ್ಥಾನ? ಸಂಸ್ಕರಣಾ ಘಟಕ ಆರಂಭಿಸುವ ಮುನ್ನ ಫಜ್ಜಿ ಬಹುಮಾನದಂಡ ವಿಧಾನದ ಬಳಕೆ



ಬೆಳೆದ ಧಾನ್ಯವನ್ನು ಅಥವಾ ಹಣ್ಣನ್ನು ಹಾಗೆಯೇ ಮಾರುವ ಬದಲು ಸಂಸ್ಕರಿಸಿ ಮಾರಿದರೆ ಹೆಚ್ಚಿನ ಆದಾಯ ದೊರೆಯುತ್ತದೆ ಎಂಬ ಮಾತು ಈಗ ಎಲ್ಲರಿಗೂ ಪರಿಚಿತ. ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ರೈತ ಉತ್ಪಾದಕ ಸಂಸ್ಥೆಗಳು, ಸ್ವಸಹಾಯ ಸಂಘಗಳು ಹಾಗೂ ವಿದ್ಯಾವಂತ ಯುವಕರು ಸಣ್ಣ ಸಂಸ್ಕರಣಾ ಘಟಕ ಸ್ಥಾಪಿಸಲು ಮುಂದೆ ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಯಂತ್ರ ಕೊಳ್ಳುವುದಕ್ಕೆ ಮೊದಲು ಉತ್ತರಿಸಬೇಕಾದ ಪ್ರಶ್ನೆಯೊಂದಿದೆ: ತಯಾರಿಸಬಹುದಾದ ಹತ್ತು ಉತ್ಪನ್ನಗಳಲ್ಲಿ ನಮ್ಮ ಊರಿಗೆ, ನಮ್ಮ ಕೈಗೆ, ನಮ್ಮ ಹಣಕ್ಕೆ ಒಪ್ಪುವುದು ಯಾವುದು?

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬಗೆಯಲ್ಲಿ ಉತ್ತರ ದೊರೆಯುತ್ತದೆ. ಪಕ್ಕದ ಊರಿನವರು ಮಾಡಿದ್ದನ್ನೇ ಮಾಡುವುದು ಒಂದು. ಯಂತ್ರ ಮಾರುವವರು ಹೇಳಿದ್ದನ್ನು ನಂಬುವುದು ಇನ್ನೊಂದು. ಎರಡರಲ್ಲಿಯೂ ನಿರ್ಧಾರ ನಿಮ್ಮದಾಗಿರುವುದಿಲ್ಲ; ಸಾಲದ ಕಂತು ಮಾತ್ರ ನಿಮ್ಮದಾಗಿರುತ್ತದೆ. ಕಾರ್ಖಾನೆಗಳಲ್ಲಿ ಉತ್ಪನ್ನ, ವಿನ್ಯಾಸ, ಕಚ್ಚಾವಸ್ತು ಮತ್ತು ಪೂರೈಕೆದಾರರನ್ನು ಆರಿಸಲು ತಜ್ಞರು ಬಳಸುವ ಫಜ್ಜಿ ಬಹುಮಾನದಂಡ ನಿರ್ಧಾರ ವಿಧಾನವನ್ನು, ಕಾಗದ ಮತ್ತು ಪೆನ್ನಿನಲ್ಲಿಯೇ ಮಾಡಬಹುದಾದ ಸರಳ ರೂಪದಲ್ಲಿ ಈ ಲೇಖನದಲ್ಲಿ ವಿವರಿಸಲಾಗಿದೆ.

ಒಂದೇ ಅಳತೆಗೋಲು ಏಕೆ ಸಾಲದು?

"ಯಾವುದರಲ್ಲಿ ಲಾಭ ಹೆಚ್ಚು?" ಎಂಬುದೊಂದೇ ಪ್ರಶ್ನೆ ಕೇಳಿದರೆ ತಪ್ಪು ಉತ್ತರ ಸಿಗುವ ಸಂಭವವಿದೆ. ಗಂಗಾವತಿ ಭಾಗದ ಅಕ್ಕಿ ಗಿರಣಿಗಳಲ್ಲಿ ದೊರೆಯುವ ತೌಡನ್ನು ನೋಡಿ. ತೌಡಿನಲ್ಲಿ ಉತ್ತಮ ಖಾದ್ಯ ತೈಲವಿದೆ, ಅದಕ್ಕೆ ಬೇಡಿಕೆಯೂ ಇದೆ. ಆದರೆ ಭತ್ತ ಗಿರಣಿಯಾದ ಕೂಡಲೇ ತೌಡಿನಲ್ಲಿರುವ ಲೈಪೇಸ್ ಎಂಬ ಕಿಣ್ವ ಎಣ್ಣೆಯನ್ನು ಒಡೆಯಲು ಆರಂಭಿಸುತ್ತದೆ. ಬೇಗನೆ ಶಾಖ ಕೊಟ್ಟು ಸ್ಥಿರಗೊಳಿಸದಿದ್ದರೆ ಎಣ್ಣೆ ಆಹಾರಕ್ಕೆ ಒದಗದಂತಾಗುತ್ತದೆ. ಅದರಿಂದ ಎಣ್ಣೆ ತೆಗೆಯಲು ದ್ರಾವಕ ಬಳಸುವ ದೊಡ್ಡ ಸ್ಥಾವರವೇ ಬೇಕು. ಕಚ್ಚಾವಸ್ತುವಿನಲ್ಲಿ ಮೊದಲ ಸ್ಥಾನ ಪಡೆಯುವ ಈ ಉತ್ಪನ್ನ, ಬಂಡವಾಳದ ಲೆಕ್ಕದಲ್ಲಿ ಸಣ್ಣ ಗುಂಪಿನ ಕೈಗೆ ಎಟುಕದು.

ಸಜ್ಜೆ ಹಿಟ್ಟಿನದು ಇದಕ್ಕೆ ತದ್ವಿರುದ್ಧ. ಬಂಡವಾಳ ಕಡಿಮೆ, ತಯಾರಿಕೆ ಸುಲಭ. ಆದರೆ ಸಜ್ಜೆಯಲ್ಲಿ ಶೇ 5ರ ಆಸುಪಾಸು ಕೊಬ್ಬಿನಂಶವಿರುವುದರಿಂದ ಹಿಟ್ಟು ಬೇಗನೆ ಕಹಿಯಾಗಿ ಕಮಟು ವಾಸನೆ ಹಿಡಿಯುತ್ತದೆ. ಕಾಳನ್ನು ಬೀಸುವ ಮೊದಲು ಕುದಿಯುವ ನೀರಿನಲ್ಲಿ ಕೆಲವೇ ಕ್ಷಣ ಅದ್ದಿ ಒಣಗಿಸಿದರೆ ಬಾಳಿಕೆ ಹೆಚ್ಚುತ್ತದೆ. ಆದರೆ ಕೆಲಸವೂ ಖರ್ಚೂ ಅದರೊಂದಿಗೆ ಹೆಚ್ಚುತ್ತವೆ.

ಹೀಗೆ ಒಂದು ಉತ್ಪನ್ನ ಒಂದು ಗುಣದಲ್ಲಿ ಮುಂದಿದ್ದರೆ ಇನ್ನೊಂದರಲ್ಲಿ ಹಿಂದಿರುತ್ತದೆ. ಕಚ್ಚಾವಸ್ತು, ಮಾರುಕಟ್ಟೆ, ಬಾಳಿಕೆ, ಬಂಡವಾಳ, ಕೌಶಲ ಮುಂತಾದ ಹಲವು ಮಾನದಂಡಗಳನ್ನು ಒಟ್ಟಿಗೆ ತೂಗಿ ಕ್ರಮಾಂಕ ಕೊಡುವುದೇ ಬಹುಮಾನದಂಡ ನಿರ್ಧಾರ ವಿಧಾನ.

'ಹದ' ಎಂಬ ಪದ ಮತ್ತು ಫಜ್ಜಿ ಗಣಿತ

ಬಟ್ಟೆ ತೊಳೆಯುವ ಯಂತ್ರಗಳ ಜಾಹೀರಾತಿನಲ್ಲಿ 'ಫಜ್ಜಿ' ಎಂಬ ಪದವನ್ನು ನೀವು ಕೇಳಿರಬಹುದು. ಮಸುಕು, ಅಂಚು ಸ್ಪಷ್ಟವಿಲ್ಲದ್ದು ಎಂಬುದು ಅದರ ಅರ್ಥ. 1965ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಲೋಟ್ಫಿ ಜಾದೆ ಅವರು ಫಜ್ಜಿ ಗಣಗಳ ಸಿದ್ಧಾಂತವನ್ನು ಪ್ರಕಟಿಸಿದರು. 1970ರಲ್ಲಿ ರಿಚರ್ಡ್ ಬೆಲ್‌ಮನ್ ಅವರೊಂದಿಗೆ ಸೇರಿ ಇದನ್ನು ನಿರ್ಧಾರ ಕೈಗೊಳ್ಳುವಿಕೆಗೆ ಅನ್ವಯಿಸಿದರು.

ಈ ಸಿದ್ಧಾಂತದ ತಿರುಳು ರೈತರಿಗೆ ಹೊಸದಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆಯಾದರೆ ಅದು 'ಮಳೆಯ ದಿನ', 2.4 ಮಿಲಿಮೀಟರ್ ಆದರೆ ಅಲ್ಲ. ಅಂಕಿಅಂಶಕ್ಕೆ ಇಂತಹ ಗೆರೆ ಅಗತ್ಯ. ಆದರೆ ಎರೆ ಭೂಮಿಯಲ್ಲಿ ಕಡಲೆ ಬಿತ್ತುವ ರೈತ ಅಂತಹ ಗೆರೆ ಎಳೆಯುವುದಿಲ್ಲ. ಮಣ್ಣನ್ನು ಹಿಡಿಯಲ್ಲಿ ಹಿಡಿದು ನೋಡಿ "ಹದ ಬಂದಿದೆ", "ಇನ್ನೂ ಸ್ವಲ್ಪ ಹಸಿ ಇದೆ", "ಹದ ಮೀರುತ್ತಿದೆ" ಎನ್ನುತ್ತಾನೆ. ಹದ ಒಂದು ಕ್ಷಣದಲ್ಲಿ ಆರಂಭವಾಗಿ ಇನ್ನೊಂದು ಕ್ಷಣದಲ್ಲಿ ಮುಗಿಯುವಂಥದಲ್ಲ. ಅದು ನಿಧಾನವಾಗಿ ಬರುತ್ತದೆ, ಪೂರ್ಣವಾಗುತ್ತದೆ, ನಿಧಾನವಾಗಿ ಜಾರುತ್ತದೆ. ಫಜ್ಜಿ ಗಣಿತ ಇಂತಹ ಪದಗಳನ್ನು ಅವುಗಳ ಮಸುಕು ಅಂಚಿನೊಂದಿಗೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಉತ್ಪನ್ನಗಳ ಮಾತು ಬಂದಾಗಲೂ ನಮ್ಮಲ್ಲಿರುವುದು ಹೆಚ್ಚಾಗಿ ಪದಗಳೇ. "ಮಾರುಕಟ್ಟೆ ಪರವಾಗಿಲ್ಲ", "ಬಂಡವಾಳ ಬಹಳ ಬೇಕು" ಎನ್ನುತ್ತೇವೆ. ಇಂತಹ ಪದವನ್ನು ಒಂದೇ ಅಂಕೆಯಾಗಿಸಿ "ಮಾರುಕಟ್ಟೆಗೆ 10ಕ್ಕೆ 7" ಎಂದು ಬರೆದರೆ ಇಲ್ಲದ ನಿಖರತೆಯನ್ನು ನಟಿಸಿದಂತಾಗುತ್ತದೆ. ಆದ್ದರಿಂದ ಪ್ರತಿ ಪದಕ್ಕೂ ಮೂರು ಅಂಕೆಗಳನ್ನು ಕೊಡಲಾಗುತ್ತದೆ: ಕನಿಷ್ಠ, ನಡು ಮತ್ತು ಗರಿಷ್ಠ. ಇದನ್ನು ತ್ರಿಕೋನ ಫಜ್ಜಿ ಸಂಖ್ಯೆ ಎನ್ನುತ್ತಾರೆ. ಸಾಮಾನ್ಯವಾಗಿ ಬಳಸುವ ಅಳತೆ ಹೀಗಿದೆ:

ತೀರಾ ಕಡಿಮೆ: 0, 1, 3
ಕಡಿಮೆ: 1, 3, 5
ಸಾಧಾರಣ: 3, 5, 7
ಒಳ್ಳೆಯದು: 5, 7, 9
ಬಹಳ ಒಳ್ಳೆಯದು: 7, 9, 10

'ಒಳ್ಳೆಯದು' ಎಂಬ ಪದಕ್ಕೆ 7 ಪೂರ್ತಿಯಾಗಿ ಹೊಂದುತ್ತದೆ, 6 ಮತ್ತು 8 ಅರ್ಧದಷ್ಟು ಹೊಂದುತ್ತವೆ, 5ಕ್ಕಿಂತ ಕೆಳಗೆ ಅಥವಾ 9ಕ್ಕಿಂತ ಮೇಲೆ ಹೊಂದುವುದಿಲ್ಲ ಎಂಬುದು ಇದರ ತಾತ್ಪರ್ಯ. 'ಸಾಧಾರಣ' ಮತ್ತು 'ಒಳ್ಳೆಯದು' 5ರಿಂದ 7ರವರೆಗೆ ಒಂದರ ಮೇಲೊಂದು ಹರಡಿಕೊಂಡಿರುವುದನ್ನು ಗಮನಿಸಿ. ಆಡುಮಾತಿನಲ್ಲಿಯೂ ಹಾಗೆಯೇ ಅಲ್ಲವೇ?

ಅನುಸರಿಸಬೇಕಾದ ಕ್ರಮ

1. ಮೊದಲು ಜರಡಿ ಹಿಡಿಯಿರಿ. ಯಾವ ಕಾರಣಕ್ಕೂ ರಾಜಿ ಮಾಡಿಕೊಳ್ಳಲಾಗದ ಷರತ್ತುಗಳನ್ನು ಪಟ್ಟಿ ಮಾಡಿ: ಕುಡಿಯಲು ಯೋಗ್ಯವಾದ ನೀರು, ಅಗತ್ಯವಿದ್ದಲ್ಲಿ ತ್ರೀಫೇಸ್ ವಿದ್ಯುತ್, ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಪಡೆಯುವ ಸಾಧ್ಯತೆ. ಈ ಷರತ್ತುಗಳನ್ನು ಪೂರೈಸದ ಉತ್ಪನ್ನವನ್ನು ಇಲ್ಲಿಯೇ ಕೈಬಿಡಿ. ಅಂಕ ಕೂಡುವ ವಿಧಾನದಲ್ಲಿ ಒಂದು ದೊಡ್ಡ ದೋಷವನ್ನು ಇತರ ಗುಣಗಳು ಮುಚ್ಚಿಬಿಡುತ್ತವೆ. ನೀರೇ ಸರಿಯಿಲ್ಲದ ಘಟಕಕ್ಕೆ ಮಾರುಕಟ್ಟೆಯ ಅಂಕ ಎಷ್ಟಿದ್ದರೇನು?

2. ಉಳಿದವುಗಳಲ್ಲಿ ಮೂರರಿಂದ ಐದು ಉತ್ಪನ್ನಗಳನ್ನು ಆರಿಸಿಕೊಳ್ಳಿ.

3. ನಾಲ್ಕರಿಂದ ಆರು ಮಾನದಂಡಗಳನ್ನು ಗೊತ್ತುಪಡಿಸಿ. ಒಂದೇ ವಿಷಯ ಎರಡು ಹೆಸರಿನಲ್ಲಿ ಬರದಂತೆ ನೋಡಿಕೊಳ್ಳಿ. 'ಒಳ್ಳೆಯ ಬೆಲೆ' ಮತ್ತು 'ಹೆಚ್ಚು ಲಾಭ' ಎರಡನ್ನೂ ಸೇರಿಸಿದರೆ ಒಂದೇ ಗುಣಕ್ಕೆ ಎರಡು ಬಾರಿ ಅಂಕ ಕೊಟ್ಟಂತೆ. ಖರ್ಚಿನ ಮಾನದಂಡಗಳನ್ನು ತಿರುಗಿಸಿ ಬರೆಯಿರಿ. 'ಬಂಡವಾಳ' ಎನ್ನುವ ಬದಲು 'ಬಂಡವಾಳದ ಹಗುರತನ' ಎಂದರೆ ಎಲ್ಲ ಮಾನದಂಡಗಳಲ್ಲಿಯೂ ಹೆಚ್ಚು ಅಂಕವೇ ಉತ್ತಮ ಎಂದಾಗುತ್ತದೆ.

4. ಮಾನದಂಡಗಳ ಮಹತ್ವವನ್ನು ಕಾಳಿನಿಂದ ಅಳೆಯಿರಿ. ಹತ್ತು ಕಡಲೆ ಕಾಳುಗಳನ್ನು ಗುಂಪಿನ ಮುಂದಿಟ್ಟು, ಯಾವ ಮಾನದಂಡ ಎಷ್ಟು ಮುಖ್ಯವೋ ಅಷ್ಟು ಕಾಳು ಹಂಚಲು ಹೇಳಿ. ಗ್ರಾಮೀಣ ಸಹಭಾಗಿತ್ವ ಸಮೀಕ್ಷೆಗಳಲ್ಲಿ ಬಳಕೆಯಲ್ಲಿರುವ ಪದ್ಧತಿಯಿದು. ಓದು ಬರಹ ಬಾರದ ಸದಸ್ಯರೂ ಇದರಲ್ಲಿ ಸಮಾನವಾಗಿ ಪಾಲ್ಗೊಳ್ಳಬಹುದು.

5. ಪ್ರತಿ ಉತ್ಪನ್ನಕ್ಕೆ, ಪ್ರತಿ ಮಾನದಂಡದಲ್ಲಿ ಮೇಲಿನ ಐದು ಪದಗಳಲ್ಲಿ ಒಂದನ್ನು ಕೊಡಿ. ಕನಿಷ್ಠ ಮೂವರು ಪ್ರತ್ಯೇಕವಾಗಿ, ಒಬ್ಬರ ಉತ್ತರ ಇನ್ನೊಬ್ಬರಿಗೆ ತಿಳಿಯದಂತೆ ಹೇಳಬೇಕು: ಬೆಳೆಯುವವರು, ತಯಾರಿಸುವವರು ಮತ್ತು ಮಾರುವ ಅನುಭವವುಳ್ಳವರು.

6. ಮೂವರ ಅಭಿಪ್ರಾಯಗಳನ್ನು ಒಂದುಗೂಡಿಸಿ. ಕನಿಷ್ಠಗಳಲ್ಲಿ ಅತಿ ಚಿಕ್ಕದನ್ನು, ನಡು ಅಂಕೆಗಳ ಸರಾಸರಿಯನ್ನು, ಗರಿಷ್ಠಗಳಲ್ಲಿ ಅತಿ ದೊಡ್ಡದನ್ನು ತೆಗೆದುಕೊಳ್ಳಿ. ಮೂವರೂ ಒಂದೇ ಪದ ಹೇಳಿದ್ದರೆ ಆ ಪದದ ಅಂಕೆಗಳೇ ಉಳಿಯುತ್ತವೆ. ಭಿನ್ನಾಭಿಪ್ರಾಯವಿದ್ದರೆ ಕನಿಷ್ಠ ಮತ್ತು ಗರಿಷ್ಠಗಳ ನಡುವಿನ ಅಂತರ ಹಿಗ್ಗುತ್ತದೆ. ಸರಾಸರಿಯನ್ನಷ್ಟೇ ತೆಗೆದರೆ ಭಿನ್ನಾಭಿಪ್ರಾಯ ಮರೆಯಾಗುತ್ತದೆ. ಈ ರೀತಿಯಲ್ಲಿ ಅದು ಕಣ್ಣೆದುರೇ ಇರುತ್ತದೆ.

7. ಕಾಳುಗಳ ಸಂಖ್ಯೆಯಿಂದ ಗುಣಿಸಿ, ಎಲ್ಲ ಮಾನದಂಡಗಳನ್ನು ಕೂಡಿ, 10ರಿಂದ ಭಾಗಿಸಿ. ಕನಿಷ್ಠ, ನಡು, ಗರಿಷ್ಠಗಳಿಗೆ ಬೇರೆ ಬೇರೆಯಾಗಿ ಮಾಡಿರಿ. ಕೊನೆಗೆ ಮೂರನ್ನೂ ಕೂಡಿ 3ರಿಂದ ಭಾಗಿಸಿದರೆ ಉತ್ಪನ್ನದ ಒಟ್ಟು ಅಂಕ ದೊರೆಯುತ್ತದೆ.

ಒಂದು ಮಾದರಿ ಲೆಕ್ಕ

ಯಲಬುರ್ಗಾ ತಾಲ್ಲೂಕಿನ ಎರೆ ಭೂಮಿಯ ಊರೊಂದರ ಮಹಿಳಾ ಗುಂಪು ಮೂರು ಉತ್ಪನ್ನಗಳನ್ನು ಪರಿಗಣಿಸಿದೆ ಎಂದು ಭಾವಿಸೋಣ: ಕಡಲೆ ಬೇಳೆ ಮತ್ತು ಹಿಟ್ಟು, ಸಜ್ಜೆಯ ಖಡಕ್ ರೊಟ್ಟಿ, ಪೇರಲ ಹಣ್ಣಿನ ಜೆಲ್ಲಿ. ಕೆಳಗಿನ ಅಂಕಗಳು ವಿಧಾನವನ್ನು ತಿಳಿಸಲು ಕೊಟ್ಟ ಮಾದರಿಗಳು ಮಾತ್ರ. ನಿಮ್ಮ ಗುಂಪಿನ ಅಂಕಗಳನ್ನು ನೀವೇ ಕೊಡಬೇಕು.

ಹತ್ತು ಕಾಳುಗಳ ಹಂಚಿಕೆ: ಕಚ್ಚಾವಸ್ತುವಿನ ಲಭ್ಯತೆಗೆ 3, ಮಾರುಕಟ್ಟೆಗೆ 4, ಬಾಳಿಕೆಗೆ 1, ಬಂಡವಾಳದ ಹಗುರತನಕ್ಕೆ 2.

ಕಡಲೆ ಬೇಳೆ ಮತ್ತು ಹಿಟ್ಟು: ಕಡಲೆ ಊರಿನಲ್ಲಿಯೇ ಬೆಳೆಯುವುದರಿಂದ ಕಚ್ಚಾವಸ್ತು 'ಬಹಳ ಒಳ್ಳೆಯದು' (7, 9, 10). ದೊಡ್ಡ ಬೇಳೆ ಗಿರಣಿಗಳ ಪೈಪೋಟಿ ಇರುವುದರಿಂದ ಮಾರುಕಟ್ಟೆ 'ಸಾಧಾರಣ' (3, 5, 7). ಬಾಳಿಕೆ 'ಒಳ್ಳೆಯದು' (5, 7, 9). ಯಂತ್ರಗಳ ಬೆಲೆಯ ಕಾರಣ ಬಂಡವಾಳದ ಹಗುರತನ 'ಕಡಿಮೆ' (1, 3, 5). ಕನಿಷ್ಠದ ಲೆಕ್ಕ: 3×7 + 4×3 + 1×5 + 2×1 = 40; 10ರಿಂದ ಭಾಗಿಸಿದರೆ 4.0. ಇದೇ ರೀತಿ ನಡು 6.0, ಗರಿಷ್ಠ 7.7. ಒಟ್ಟು ಅಂಕ 5.9.

ಸಜ್ಜೆಯ ಖಡಕ್ ರೊಟ್ಟಿ: ಕಚ್ಚಾವಸ್ತು 'ಒಳ್ಳೆಯದು' (5, 7, 9). ಮಾರುಕಟ್ಟೆಯ ಬಗ್ಗೆ ಮೂವರದು ಮೂರು ಅಭಿಪ್ರಾಯ: ವ್ಯಾಪಾರಿ 'ಸಾಧಾರಣ', ಬೆಳೆಗಾರ 'ಒಳ್ಳೆಯದು', ರೊಟ್ಟಿ ಬಡಿಯುವ ಸದಸ್ಯೆ 'ಬಹಳ ಒಳ್ಳೆಯದು' ಎಂದಿದ್ದಾರೆ, ಒಂದುಗೂಡಿಸಿದಾಗ (3, 7, 10). ತೇವ ತಗುಲಿದರೆ ಮೆತ್ತಗಾಗುವುದರಿಂದ, ಸಾಗಣೆಯಲ್ಲಿ ಮುರಿಯುವುದರಿಂದ ಬಾಳಿಕೆ 'ಸಾಧಾರಣ' (3, 5, 7). ಬಂಡವಾಳದ ಹಗುರತನ 'ಬಹಳ ಒಳ್ಳೆಯದು' (7, 9, 10). ಫಲಿತಾಂಶ: ಕನಿಷ್ಠ 4.4, ನಡು 7.2, ಗರಿಷ್ಠ 9.4. ಒಟ್ಟು ಅಂಕ 7.0.

ಪೇರಲ ಜೆಲ್ಲಿ: ಹಣ್ಣನ್ನು ಹೊರಗಿನಿಂದ ತರಬೇಕಾದ್ದರಿಂದ ಕಚ್ಚಾವಸ್ತು 'ಕಡಿಮೆ' (1, 3, 5). ಮಾರುಕಟ್ಟೆಯ ಬಗ್ಗೆ 'ಕಡಿಮೆ', 'ಸಾಧಾರಣ', 'ಒಳ್ಳೆಯದು' ಎಂಬ ಮೂರು ಉತ್ತರಗಳು. ಒಂದುಗೂಡಿಸಿದಾಗ (1, 5, 9). ಬಾಳಿಕೆ 'ಬಹಳ ಒಳ್ಳೆಯದು' (7, 9, 10). ಬಂಡವಾಳದ ಹಗುರತನ 'ಸಾಧಾರಣ' (3, 5, 7). ಫಲಿತಾಂಶ: ಕನಿಷ್ಠ 2.0, ನಡು 4.8, ಗರಿಷ್ಠ 7.5. ಒಟ್ಟು ಅಂಕ 4.8.

ಕ್ರಮಾಂಕ: ಮೊದಲು ಸಜ್ಜೆ ರೊಟ್ಟಿ, ನಂತರ ಕಡಲೆ ಬೇಳೆ, ಕೊನೆಗೆ ಪೇರಲ ಜೆಲ್ಲಿ.

ಕ್ರಮಾಂಕವನ್ನು ಓದುವ ಬಗೆ

ಇಲ್ಲಿಗೆ ಲೆಕ್ಕ ಮುಗಿಯಿತು ಎಂದು ಬ್ಯಾಂಕಿಗೆ ಹೊರಡುವುದು ಸರಿಯಲ್ಲ. ವಿಧಾನದ ನಿಜವಾದ ಪ್ರಯೋಜನ ಆರಂಭವಾಗುವುದೇ ಇಲ್ಲಿಂದ. ಮೂರು ಸಂಗತಿಗಳನ್ನು ಪರಿಶೀಲಿಸಿರಿ.

ಮೊದಲನೆಯದು, ಹರವು. ಕಡಲೆ ಬೇಳೆಯ ಅಂಕ 4.0ರಿಂದ 7.7ರವರೆಗೆ, ರೊಟ್ಟಿಯದು 4.4ರಿಂದ 9.4ರವರೆಗೆ ಹರಡಿದೆ. ಎರಡೂ ಬಹುಪಾಲು ಒಂದರ ಮೇಲೊಂದು ಬಿದ್ದಿವೆ. ರೊಟ್ಟಿಯ ಭರವಸೆ ದೊಡ್ಡದು, ಅನಿಶ್ಚಿತತೆಯೂ ದೊಡ್ಡದು. ಒಂದೇ ಅಂಕೆಯ ಲೆಕ್ಕದಲ್ಲಿ "ರೊಟ್ಟಿಯೇ ಮೇಲು" ಎಂಬುದಷ್ಟೇ ಕಾಣುತ್ತಿತ್ತು. ಎಷ್ಟು ಖಚಿತವಾಗಿ ಮೇಲು ಎಂಬುದು ಕಾಣುತ್ತಿರಲಿಲ್ಲ.

ಎರಡನೆಯದು, ಕಾಳುಗಳ ಮರುಹಂಚಿಕೆ. ಗುಂಪಿನ ಕೆಲವರು "ಕಚ್ಚಾವಸ್ತು ಇಲ್ಲದಿದ್ದರೆ ಘಟಕವೇ ನಿಲ್ಲುತ್ತದೆ" ಎಂದು ವಾದಿಸಿ ಕಚ್ಚಾವಸ್ತುವಿಗೆ 5, ಮಾರುಕಟ್ಟೆಗೆ 2, ಬಾಳಿಕೆಗೆ 2, ಬಂಡವಾಳಕ್ಕೆ 1 ಕಾಳು ಹಾಕಿದರು ಎನ್ನೋಣ. ಆಗ ಕಡಲೆ ಬೇಳೆಯ ಅಂಕ 7.0, ರೊಟ್ಟಿಯದು 6.7, ಜೆಲ್ಲಿಯದು 4.7 ಆಗುತ್ತದೆ. ಮೊದಲೆರಡು ಸ್ಥಾನ ಅದಲುಬದಲಾದವು, ಮೂರನೆಯದು ಕದಲಲಿಲ್ಲ. ಅಂದರೆ ಈ ಊರಿನಲ್ಲಿ ಜೆಲ್ಲಿ ಬೇಡ ಎಂಬ ತೀರ್ಮಾನ ಗಟ್ಟಿಯಾದುದು. ರೊಟ್ಟಿಯೋ ಬೇಳೆಯೋ ಎಂಬುದು ಗುಂಪು ಯಾವುದಕ್ಕೆ ಮಹತ್ವ ಕೊಡುತ್ತದೆ ಎಂಬುದನ್ನು ಅವಲಂಬಿಸಿದೆ. ಚರ್ಚೆ ನಡೆಯಬೇಕಾದದ್ದು ಆ ವಿಷಯದ ಮೇಲೆ.

ಮೂರನೆಯದು, ಅತಿ ದೊಡ್ಡ ಸಂದೇಹವನ್ನು ಪರೀಕ್ಷೆಗೆ ಒಡ್ಡುವುದು. ಮೊದಲಿನ ಕಾಳು ಹಂಚಿಕೆಯಲ್ಲಿ ರೊಟ್ಟಿಯ ಹರವು ಹಿಗ್ಗಲು ಮುಖ್ಯ ಕಾರಣ ಮಾರುಕಟ್ಟೆಯ ಬಗೆಗಿನ ಭಿನ್ನಾಭಿಪ್ರಾಯ. ಆ ಒಂದು ಪದವನ್ನು ಬದಲಿಸಿ ನೋಡಿ. ಮಾರುಕಟ್ಟೆ ನಿಜವಾಗಿಯೂ 'ಸಾಧಾರಣ' ಎಂದಾದರೆ ರೊಟ್ಟಿಯ ಅಂಕ 6.3, ಆಗಲೂ ಬೇಳೆಯ 5.9ಕ್ಕಿಂತ ಮುಂದಿದೆ. 'ಕಡಿಮೆ' ಎಂದಾದರೆ 5.5ಕ್ಕೆ ಇಳಿದು ಎರಡನೆಯ ಸ್ಥಾನಕ್ಕೆ ಬರುತ್ತದೆ. ಹಾಗಾದರೆ ಗುಂಪು ತಿಳಿಯಬೇಕಾದದ್ದು ಒಂದೇ: ರೊಟ್ಟಿಯ ಮಾರುಕಟ್ಟೆ ಕನಿಷ್ಠ 'ಸಾಧಾರಣ' ಮಟ್ಟದಲ್ಲಾದರೂ ಇದೆಯೇ? ಇದನ್ನು ತಿಳಿಯಲು ಯಂತ್ರ ಬೇಕಿಲ್ಲ, ಸಾಲ ಬೇಕಿಲ್ಲ. ಮನೆಯ ಒಲೆಯ ಮೇಲೆಯೇ ತಯಾರಿಸಿ, ಕೊಪ್ಪಳ ಅಥವಾ ಹುಬ್ಬಳ್ಳಿಯ ಕೆಲವು ಅಂಗಡಿಗಳಿಗೆ ಕೆಲವು ವಾರ ಕೊಟ್ಟು, ಎಷ್ಟು ಮಾರಾಟವಾಯಿತು, ಎಷ್ಟು ಹಿಂದಿರುಗಿತು, ಅಂಗಡಿಯವರು ಮತ್ತೆ ಕೇಳಿದರೇ ಎಂಬುದನ್ನು ಬರೆದಿಟ್ಟರೆ ಸಾಕು. ಆ ನಂತರ ಮೂವರೂ ಮತ್ತೊಮ್ಮೆ ಪದ ಕೊಡಲಿ.

ಸಾಲ ಮಾಡುವ ಮೊದಲು ಯಾವ ಸಂಗತಿಯನ್ನು ಪರೀಕ್ಷಿಸಬೇಕು ಎಂಬುದನ್ನು ತೋರಿಸಿಕೊಡುವುದು ಈ ವಿಧಾನದ ಅತಿ ದೊಡ್ಡ ಉಪಯೋಗ.

ನಾಲ್ಕು ತಾಲ್ಲೂಕುಗಳು, ನಾಲ್ಕು ಬಗೆಯ ಅಂಕಗಳು

ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗಾಗಿ 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಯೋಜನೆಯ 'ಒಂದು ಜಿಲ್ಲೆ ಒಂದು ಉತ್ಪನ್ನ' ಪಟ್ಟಿಯಲ್ಲಿ ಕೊಪ್ಪಳ ಜಿಲ್ಲೆಗೆ ಪೇರಲ ನಿಗದಿಯಾಗಿದೆ. ಇದು ಜಿಲ್ಲಾ ಮಟ್ಟದ ಆದ್ಯತೆ. ಒಂದೇ ಜಿಲ್ಲೆಯಲ್ಲಿ ಕಾಲುವೆ ನೀರಾವರಿಯೂ ಒಣ ಬೇಸಾಯವೂ, ಎರೆಯೂ ಮಸಾರಿಯೂ ಇರುವಾಗ ಪ್ರತಿ ಊರಿನ ಲೆಕ್ಕ ಬೇರೆಯಾಗುವುದು ಸಹಜ.

ಕೊಪ್ಪಳ: ಮೇಲಿನ ಮಾದರಿಯಲ್ಲಿ ಕೊನೆಯ ಸ್ಥಾನ ಪಡೆದ ಜೆಲ್ಲಿಯನ್ನು ಪೇರಲ ತೋಟಗಳ ನಡುವೆಯೇ ಇರುವ ಊರಿನ ಗುಂಪು ಪರಿಗಣಿಸಿದರೆ ಕಚ್ಚಾವಸ್ತುವಿನ ಪದ 'ಬಹಳ ಒಳ್ಳೆಯದು' ಆಗುತ್ತದೆ. ಉಳಿದೆಲ್ಲ ಹಾಗೆಯೇ ಇದ್ದರೂ ಅಂಕ 4.8ರಿಂದ 6.5ಕ್ಕೆ ಏರುತ್ತದೆ. ಪೇರಲದಲ್ಲಿ ಪೆಕ್ಟಿನ್ ಅಂಶ ಹೇರಳವಾಗಿರುವುದರಿಂದ ಜೆಲ್ಲಿ ಚೆನ್ನಾಗಿ ಕಟ್ಟುತ್ತದೆ. ಕೊಯ್ದ ಹಣ್ಣು ಕೆಲವೇ ದಿನ ಉಳಿಯುವುದರಿಂದ ತೋಟದ ಸಮೀಪವೇ ಘಟಕವಿರುವುದು ಇಲ್ಲಿ ನಿರ್ಣಾಯಕ.

ಗಂಗಾವತಿ: ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಕಣಜವೆನಿಸಿದ ಪ್ರದೇಶ. ಇಲ್ಲಿ ಅಕ್ಕಿ ಗಿರಣಿಗಳು ಈಗಾಗಲೇ ಸಾಕಷ್ಟಿವೆ. ಸಣ್ಣ ಗುಂಪು ಅವಲಕ್ಕಿ, ಮಂಡಕ್ಕಿ, ಅಕ್ಕಿ ಹಿಟ್ಟು, ಹಪ್ಪಳ ಸಂಡಿಗೆಗಳನ್ನು ಹೋಲಿಸುವುದು ಸೂಕ್ತ. ಭತ್ತ ಹೇರಳವಾಗಿದೆಯೆಂದು ಕಣ್ಣುಮುಚ್ಚಿ 'ಬಹಳ ಒಳ್ಳೆಯದು' ಎನ್ನಬೇಡಿ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಗಿ ಅಪಾರ ನೀರು ನದಿಗೆ ಹರಿದುದನ್ನು ನಾವೆಲ್ಲ ಕಂಡಿದ್ದೇವೆ. ಎರಡನೆಯ ಬೆಳೆಯ ಭತ್ತವನ್ನೇ ನೆಚ್ಚುವ ಘಟಕ, ನೀರು ಸಿಗದ ವರ್ಷವನ್ನೂ ಲೆಕ್ಕಕ್ಕೆ ಸೇರಿಸಿ ಕನಿಷ್ಠ ಅಂಕೆಯನ್ನು ಕೆಳಗಿಳಿಸಬೇಕು.

ಕುಷ್ಟಗಿ: ದಾಳಿಂಬೆ, ಸಜ್ಜೆ, ಶೇಂಗಾ ಇಲ್ಲಿನ ಆಯ್ಕೆಗಳು. ದುಂಡಾಣು ಅಂಗಮಾರಿಯ ಕಲೆ ಬಿದ್ದ ದಾಳಿಂಬೆಗೆ ಹಣ್ಣಿನ ಮಾರುಕಟ್ಟೆಯಲ್ಲಿ ಬೆಲೆ ಕುಸಿಯುತ್ತದೆ. ಕಲೆ ಸಿಪ್ಪೆಗಷ್ಟೇ ಸೀಮಿತವಾಗಿದ್ದು ಒಳಗಿನ ಕಾಳು ಚೆನ್ನಾಗಿದ್ದರೆ ರಸ ತೆಗೆಯಲು ಬಳಸಬಹುದು. ಬಿರುಕು ಬಿಟ್ಟ, ಕೊಳೆತ ಹಣ್ಣು ಸಲ್ಲದು. ಒಣಗಿಸಿದ ದಾಳಿಂಬೆ ಕಾಳಿಗೆ ಹುಳಿ ತಳಿಗಳು ಉತ್ತಮ. ನಮ್ಮಲ್ಲಿ ಬೆಳೆಯುವ ಭಗವಾ ಸಿಹಿ ತಳಿಯಾದ್ದರಿಂದ ಅದಕ್ಕೆ ರಸದಲ್ಲಿ ಹೆಚ್ಚು, ಒಣ ಕಾಳಿನಲ್ಲಿ ಕಡಿಮೆ ಅಂಕ ಕೊಡುವುದು ನ್ಯಾಯ.

ಯಲಬುರ್ಗಾ: ಕಡಲೆ, ಜೋಳ, ಸಜ್ಜೆ ಪ್ರಧಾನ. ಕಡಲೆಯಿಂದ ಬೇಳೆ, ಹಿಟ್ಟಿನ ಜೊತೆಗೆ ಪುಟಾಣಿಯನ್ನೂ ಹೋಲಿಕೆಗೆ ಸೇರಿಸಬಹುದು. ಇಡೀ ಕಾಳನ್ನು ಕೂಡಿಡುವಾಗ ಕಾಳು ಕೊರೆಯುವ ದುಂಬಿಯ ಬಾಧೆ ಹೆಚ್ಚಾದ್ದರಿಂದ, ಹಂಗಾಮಿನಲ್ಲಿ ಖರೀದಿಸಿ ವರ್ಷವಿಡೀ ಬಳಸುವ ಘಟಕ ದಾಸ್ತಾನಿನ ವ್ಯವಸ್ಥೆಯನ್ನು ಬಂಡವಾಳದಲ್ಲಿ ಸೇರಿಸಬೇಕು.

ಕುಷ್ಟಗಿ, ಯಲಬುರ್ಗಾ ಸೇರಿದಂತೆ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ತಿಳಿದ ವಿಷಯ. ಆದ್ದರಿಂದ ನೀರು ಬಳಸುವ ಯಾವುದೇ ಉತ್ಪನ್ನವನ್ನು ಪಟ್ಟಿಗೆ ಸೇರಿಸುವ ಮೊದಲು ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿರಿ. ಇದು ಮೊದಲ ಹಂತದ ಜರಡಿಗೆ ಸೇರಿದ ಷರತ್ತು.

ಸಹಾಯಧನವನ್ನು ಎಲ್ಲಿ ಲೆಕ್ಕ ಹಿಡಿಯಬೇಕು?

ಮೇಲೆ ಹೇಳಿದ ಪ್ರಧಾನ ಮಂತ್ರಿ ಯೋಜನೆಯಲ್ಲಿ ಕೇಂದ್ರದ ನೆರವು ಅರ್ಹ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯ ಸಾಲ ಸಂಪರ್ಕಿತ ಸಹಾಯಧನವೆಂದು ನಿಗದಿಯಾಗಿತ್ತು. ರಾಜ್ಯ ಸರ್ಕಾರವೂ ಇದಕ್ಕೆ ಹೆಚ್ಚುವರಿ ನೆರವು ಸೇರಿಸಿತು. ಸದ್ಯದ ನಿಯಮಗಳನ್ನು ಜಿಲ್ಲಾ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿರಿ. ಸಹಾಯಧನದಿಂದ ಬಂಡವಾಳದ ಹೊರೆ ಇಳಿಯುವುದು ನಿಜ. ಆದ್ದರಿಂದ 'ಬಂಡವಾಳದ ಹಗುರತನ'ದ ಪದವನ್ನು ಒಂದು ಮೆಟ್ಟಿಲು ಏರಿಸಬಹುದು. ಮಾರುಕಟ್ಟೆಯ ಪದವನ್ನು ಸಹಾಯಧನ ಬದಲಿಸುವುದಿಲ್ಲ. ಎರಡು ಬಾರಿ ಲೆಕ್ಕ ಮಾಡಿ: ಸಹಾಯಧನ ಸೇರಿಸಿ ಒಮ್ಮೆ, ಸೇರಿಸದೆ ಒಮ್ಮೆ. ಸಹಾಯಧನವಿದ್ದರೆ ಮಾತ್ರ ಮೊದಲ ಸ್ಥಾನಕ್ಕೆ ಬರುವ ಉತ್ಪನ್ನವನ್ನು ಎಚ್ಚರಿಕೆಯಿಂದ ನೋಡಬೇಕು. ಏಕೆಂದರೆ ಉಳಿದ ಹಣ ಸದಸ್ಯರ ವಂತಿಗೆ ಮತ್ತು ಬ್ಯಾಂಕ್ ಸಾಲವಾಗಿರುತ್ತದೆ. ಘಟಕ ನಿಂತರೂ ಅದರ ಕಂತು ನಿಲ್ಲುವುದಿಲ್ಲ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಗುಂಪಿನ ಸಭೆಯಲ್ಲಿ ಈ ವಿಧಾನವನ್ನು ನಡೆಸುವಾಗ ನೀವು ಅಂಕ ಕೊಡಬೇಡಿ, ಲೆಕ್ಕ ಮಾಡಿಕೊಡಿ. ಅಧಿಕಾರಿಯ ಮಾತು ಮೊದಲು ಬಂದರೆ ಉಳಿದವರ ಮಾತು ಅದರ ಹಿಂದೆ ಹೋಗುತ್ತದೆ. ಮುಖಂಡರು ಮತ್ತು ಹಿರಿಯರು ಕೊನೆಯಲ್ಲಿ ಹೇಳಲಿ. ಒಬ್ಬರು 'ಕಡಿಮೆ' ಎಂದಾಗ, ಉಳಿದವರು 'ಒಳ್ಳೆಯದು' ಎಂದಾಗ, ಆ ಒಬ್ಬರನ್ನು ಕಾರಣ ಕೇಳಿ. ಹಿಂದೆ ಸಂತೆಯಲ್ಲಿ ಮಾರಿ ನಷ್ಟ ಅನುಭವಿಸಿದವರು ಅವರೇ ಆಗಿರಬಹುದು. ಪ್ರತಿ ಪದದ ಎದುರು ಅದಕ್ಕೆ ಆಧಾರವನ್ನು ಒಂದು ಸಾಲಿನಲ್ಲಿ ಬರೆಸಿರಿ: ಯಾರು ಕೊಳ್ಳುತ್ತಾರೆ, ಯಾವ ಬೆಲೆಗೆ, ಎಷ್ಟು ದೂರದಲ್ಲಿ. ಆಧಾರವಿಲ್ಲದ ಪದ ಬರಿಯ ಆಸೆ.

ಹೆಚ್ಚು ಉತ್ಪನ್ನ ಮತ್ತು ಮಾನದಂಡಗಳಿದ್ದಲ್ಲಿ ಕಂಪ್ಯೂಟರಿನ ಹಾಳೆಯಲ್ಲಿ ಫಜ್ಜಿ ಟಾಪ್ಸಿಸ್ ವಿಧಾನ ಬಳಸಬಹುದು. 1981ರಲ್ಲಿ ಹ್ವಾಂಗ್ ಮತ್ತು ಯೂನ್ ರೂಪಿಸಿದ ಟಾಪ್ಸಿಸ್ ವಿಧಾನವನ್ನು 2000ರಲ್ಲಿ ಚೆನ್ ಅವರು ಫಜ್ಜಿ ಪದಗಳಿಗೆ, ಹಲವರ ಗುಂಪು ನಿರ್ಧಾರಕ್ಕೆ ಹೊಂದುವಂತೆ ವಿಸ್ತರಿಸಿದರು. ಎಲ್ಲ ಗುಣಗಳಲ್ಲಿಯೂ ಅತ್ಯುತ್ತಮವಾದ ಒಂದು ಕಾಲ್ಪನಿಕ ಉತ್ಪನ್ನ, ಎಲ್ಲದರಲ್ಲಿಯೂ ಅತಿ ಕೆಟ್ಟ ಇನ್ನೊಂದು ಕಾಲ್ಪನಿಕ ಉತ್ಪನ್ನ ಇವೆಯೆಂದು ಭಾವಿಸಿ, ಮೊದಲನೆಯದಕ್ಕೆ ಹತ್ತಿರವೂ ಎರಡನೆಯದಕ್ಕೆ ದೂರವೂ ಇರುವುದಕ್ಕೆ ಮೇಲಿನ ಕ್ರಮಾಂಕ ಕೊಡುವುದು ಅದರ ತತ್ವ. ಅಲ್ಲಿಯೂ ಪದಗಳು, ಅಂಕೆಗಳು, ಎಚ್ಚರಿಕೆಗಳು ಇವೇ. ಲೆಕ್ಕ ಸಂಕೀರ್ಣವಾದ ಮಾತ್ರಕ್ಕೆ ಆಧಾರವಿಲ್ಲದ ಪದಗಳು ಸತ್ಯವಾಗುವುದಿಲ್ಲ.

ಕೊನೆಯ ಮಾತು

ಮುಂದಿನ ಸಭೆಗೆ ಹತ್ತು ಕಡಲೆ ಕಾಳು, ಒಂದು ದೊಡ್ಡ ಹಾಳೆ ಮತ್ತು ಒಂದು ಪೆನ್ನು ತನ್ನಿರಿ. ಲೆಕ್ಕ ಮಾಡಿದ ಹಾಳೆಯನ್ನು ಎಸೆಯದೆ ನಡಾವಳಿ ಪುಸ್ತಕದಲ್ಲಿ ಅಂಟಿಸಿ. ಪ್ರತಿ ವರ್ಷ ಸುಗ್ಗಿಯ ನಂತರ ಪದಗಳನ್ನು ಮತ್ತೆ ಪರಿಶೀಲಿಸಿ. ಸಂಸ್ಕರಣೆಯ ತಾಂತ್ರಿಕ ವಿವರಗಳಿಗೆ ನಿಮ್ಮ ಸಮೀಪದ ರೈತ ಸಂಪರ್ಕ ಕೇಂದ್ರ, ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರ ಅಥವಾ ರಾಯಚೂರಿನ ಕೃಷಿ ತಾಂತ್ರಿಕ ಮಹಾವಿದ್ಯಾಲಯವನ್ನು ಸಂಪರ್ಕಿಸಬಹುದು. ಹೋಗುವಾಗ ಆ ಹಾಳೆಯನ್ನು ಜೊತೆಯಲ್ಲಿ ಒಯ್ಯಿರಿ. ನಿಮ್ಮ ಸಂದೇಹ ಎಲ್ಲಿದೆ ಎಂಬುದು ಅದರಲ್ಲಿಯೇ ಕಾಣುವುದರಿಂದ ಸಲಹೆ ಕೊಡುವವರಿಗೂ ಕೆಲಸ ಸುಲಭವಾಗುತ್ತದೆ.